ಕ್ರೇನಪ್ಪ ಕೂಲರ್ ಇಳಿಸಿದ್ದು

ಮಗಳ ಕಂಪ್ಯೂಟರ್ ದಿನಕ್ಕೆ ಹತ್ತು ಸಲ ಪ್ರಾಣ ಬಿಡುತ್ತಿತ್ತು. ಇನ್ನೂ ಕಟ್ಟದ ಕಟ್ಟಡಗಳನ್ನು ಕಟ್ಟಿ ಮುಗಿಸಿದಂತೆ ಚಿತ್ರ ಮಾಡಿ ತೋರಿಸುವುದು ಅವಳ ಕಸುಬು. ಗೋಡೆ, ಮೆಟ್ಟಿಲು, ಬಾಗಿಲು ಬರೆಯುವವರೆಗೆ ಯಂತ್ರ ಸುಮ್ಮನಿರುತ್ತಿತ್ತು. ಕಿಟಕಿಯ ಗಾಜಿನ ಮೇಲೆ ಒಂದಿಷ್ಟು ಬಿಸಿಲು ಬೀಳಿಸೋಣ ಎಂದು ಹೊರಟಳೋ, ಒಳಗಿನ ಪ್ರೊಸೆಸರ್ ಕೊತಕೊತ ಕಾದು, ಅದರ ನೆತ್ತಿಯ ಮೇಲಿನ ಪುಟಾಣಿ ಫ್ಯಾನು ಗಂಟಲು ಹರಿದುಕೊಂಡು ಕಿರುಚಿ, ಪರದೆ ಕಪ್ಪಾಗಿಬಿಡುತ್ತಿತ್ತು. ಸುಳ್ಳು ಬಿಸಿಲಿಗೆ ನಿಜವಾದ ಸೆಖೆ.

"ದೊಡ್ಡ ಕೂಲರ್ ಹಾಕ್ಬೇಕು" ಎಂದಳು ಮಗಳು, ಊಟಕ್ಕೆ ಕೂತಾಗ. "ಪ್ರೊಸೆಸರ್ ಮೇಲೆ ಕೂರಿಸೋದು. ಎರಡು ಫ್ಯಾನ್ ಇರುತ್ತೆ."

"ಎಷ್ಟು ತೂಕ?" ಎಂದ ಅಪ್ಪ.

ಬೇರೆ ಯಾವ ಅಪ್ಪನಾದರೂ ಬೆಲೆ ಕೇಳುತ್ತಿದ್ದ. ಇವನು ಮೂವತ್ತೊಂದು ವರ್ಷ ಎತ್ತರದ ಕಟ್ಟಡಗಳ ನೆತ್ತಿಯಲ್ಲಿ ಕ್ರೇನ್ ನಡೆಸಿದವನು. ಬೀದಿಯವರೆಲ್ಲ ಇವನನ್ನು ಕ್ರೇನಪ್ಪ ಎಂದೇ ಕರೆಯುತ್ತಿದ್ದರು. ಕೆಲಸ ಬಿಟ್ಟು ಒಂಬತ್ತು ವರ್ಷವಾಗಿತ್ತು. ಈಗ ಅವನು ಎತ್ತುತ್ತಿದ್ದದ್ದು ಬೆಳಗಿನ ಪತ್ರಿಕೆಯೊಂದನ್ನೇ. ಅದನ್ನು ಇಳಿಸಲೂ ಹೆಂಡತಿ ಎರಡು ಸಲ ಹೇಳಬೇಕಿತ್ತು.

"ಒಂದು ಕಿಲೋ ಮೇಲೆ ಇರುತ್ತಪ್ಪ."

ಕ್ರೇನಪ್ಪನ ಕಿವಿ ನೆಟ್ಟಗಾಯಿತು. "ಹಾಗಾದ್ರೆ ಅದು ಸಾಮಾನಲ್ಲ, ಭಾರ. ಭಾರ ಅಂದ ಮೇಲೆ ನನಗೆ ಬಿಡು."

ಅಂಗಡಿಯವನು ಮೂರು ಡಬ್ಬ ತೆಗೆದು ಮುಂದಿಟ್ಟ. ಎಷ್ಟು ಶಾಖ ತಡೆಯುತ್ತೆ, ಎಷ್ಟು ಸದ್ದು ಮಾಡುತ್ತೆ ಎಂದು ಮಗಳು ಕೇಳುತ್ತಿದ್ದಾಗ ಕ್ರೇನಪ್ಪ ಒಂದೊಂದನ್ನೂ ಹೊರತೆಗೆದು, ತೋರುಬೆರಳಿನ ತುದಿಯಲ್ಲಿ ನೇತುಹಾಕಿ, ಯಾವ ಕಡೆ ವಾಲುತ್ತದೆ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಮೊದಲನೆಯದು ಎಡಕ್ಕೆ ವಾಲಿತು, ಬೇಡ. ಎರಡನೆಯದು ನೆಟ್ಟಗೆ ನಿಂತಿತು, ಆದರೆ ಮುನ್ನೂರು ಗ್ರಾಂ. ಅದನ್ನು ಅವನು ಭಾರದ ಜಾತಿಗೇ ಸೇರಿಸಲಿಲ್ಲ.

"ನೀರಲ್ಲಿ ತಣಿಸೋದು ಇದೆ ಸಾರ್, ಅದನ್ನಾದ್ರೂ ನೋಡಿ" ಎಂದ ಅಂಗಡಿಯವನು.

"ಕರೆಂಟಿನ ಡಬ್ಬದೊಳಗೆ ನೀರು ಬಿಡೋರು ಮನುಷ್ಯರೇನ್ರಿ?"

ಮೂರನೆಯದು ಬಂತು. ಅಲ್ಯೂಮಿನಿಯಂ ತಗಡುಗಳ ಎರಡು ಗೋಪುರ, ನಡುವೆ ಹಾದು ಬಂದ ಏಳು ತಾಮ್ರದ ಕೊಳವೆ, ಎರಡು ಫ್ಯಾನು. ಫ್ಯಾನು ಸೇರಿ ಒಂದು ಕಿಲೋ ಮುನ್ನೂರ ನಲವತ್ತು ಗ್ರಾಂ. ಕೂರಬೇಕಾದ ಪ್ರೊಸೆಸರ್ ಮಾತ್ರ ಒಂದು ಬಿಸ್ಕತ್ತಿನಷ್ಟು. ಕ್ರೇನಪ್ಪನ ಮುಖ ಅರಳಿತು. ಬಿಸ್ಕತ್ತಿನ ಮೇಲೆ ಗೋಪುರ ಇಳಿಸುವ ಕೆಲಸ ಅವನಿಗೆ ಒಂಬತ್ತು ವರ್ಷದಿಂದ ಸಿಕ್ಕಿರಲಿಲ್ಲ.

"ಇದು ಎತ್ತರ ಜಾಸ್ತಿ ಸಾರ್. ನಿಮ್ಮ ಕಂಪ್ಯೂಟರ್ ಡಬ್ಬ ಎಷ್ಟು ಅಗಲ ಇದೆ ಅಂತ ಒಂದ್ಸಲ..."

"ಅದಿರ್ಲಿ. ಕೊಕ್ಕೆ ಎಲ್ಲಿ ಹಾಕೋದು?"

"ಕೊಕ್ಕೆನಾ?"

"ಎತ್ತಿ ಇಳಿಸೋಕೆ."

ಅಂಗಡಿಯವನು ಮಗಳ ಮುಖ ನೋಡಿದ. ಮಗಳು ಗೋಡೆ ನೋಡಿದಳು. "ಕೈಯಲ್ಲಿ ಇಡಿ ಸಾರ್. ಎಲ್ರೂ ಕೈಯಲ್ಲೇ ಇಡೋದು."

ದಾರಿಯುದ್ದಕ್ಕೂ ಕ್ರೇನಪ್ಪ ಆ ಮಾತನ್ನೇ ಮೆಲುಕು ಹಾಕಿದ. ಕೈಯಲ್ಲಂತೆ! ಅವನ ಕೈ ಈಚೆಗೆ ಸಣ್ಣಗೆ ನಡುಗುತ್ತಿತ್ತು, ಅದು ಬೇರೆ ಮಾತು. ನಡುಗದಿದ್ದರೂ ಅವನು ಒಪ್ಪುತ್ತಿರಲಿಲ್ಲ. ಪ್ರೊಸೆಸರ್ ಮೇಲೆ ಬಟಾಣಿ ಗಾತ್ರದಷ್ಟು ಶಾಖ ದಾಟಿಸುವ ಪೇಸ್ಟ್ ಹಚ್ಚಬೇಕಂತೆ, ಅದರ ಮೇಲೆ ಕೂಲರ್ ಒಂದೇ ಸಲಕ್ಕೆ ನೇರವಾಗಿ ಕೂರಬೇಕಂತೆ, ಕೂತ ಮೇಲೆ ಎತ್ತಬಾರದಂತೆ. ಇದು ಕೈಯಲ್ಲಿ ಮಾಡುವ ಕೆಲಸವೇ?

"ನಾನೇ ಹತ್ತು ನಿಮಿಷದಲ್ಲಿ ಕೂರಿಸ್ತೀನಮ್ಮ" ಎಂದು ಮಗಳು ಅಡುಗೆಮನೆಯಲ್ಲಿ ಗೋಗರೆದಳು.

"ಹೋಗ್ಲಿ ಬಿಡೆ, ಮಾಡ್ಲಿ" ಎಂದಳು ಅಮ್ಮ. "ನಿನ್ನೆ ರಾತ್ರಿ ನಿದ್ದೆಯಲ್ಲಿ ನಗ್ತಿದ್ರು."

ಶುಕ್ರವಾರ ಸಂಜೆಗೆ ಕ್ರೇನ್ ಎದ್ದು ನಿಂತಿತು. ಮಗಳ ಕೋಣೆಯಲ್ಲಿ ಮೇಜಿನ ಆಚೆಗೊಂದು ಈಚೆಗೊಂದು ಏಣಿ, ಅವುಗಳ ಮೇಲೆ ಅಡ್ಡಕ್ಕೆ ಪರದೆಯ ಕಂಬಿ, ಕಂಬಿಗೆ ಬಟ್ಟೆ ಒಣಗಿಸುವ ಹಗ್ಗದ ರಾಟೆ. ರಾಟೆಯಿಂದ ಹೊರಟ ನೈಲಾನ್ ದಾರ ಬಾಗಿಲ ಮೇಲಿನ ಗಾಳಿಕಿಂಡಿಯಲ್ಲಿ ತೂರಿ ಹಜಾರಕ್ಕೆ ಬಂದು, ಹೆಂಡತಿಯ ಹೊಲಿಗೆ ಯಂತ್ರದ ಚಕ್ರಕ್ಕೆ ಸುತ್ತಿಕೊಂಡಿತ್ತು. ಚಕ್ರದ ಒಂದು ಸುತ್ತಿಗೆ ಭಾರ ಸರಿಯಾಗಿ ನಾಲ್ಕು ಬೆರಳಗಲ ಇಳಿಯಬೇಕು. ಅದಕ್ಕಾಗಿ ಮಧ್ಯೆ ಎರಡು ರೀಲು ಸೇರಿಸಿ ಅವನು ಅರ್ಧ ದಿನ ತಿಣುಕಿದ್ದ. ಹೊಲಿಗೆ ಯಂತ್ರವನ್ನೇ ಕೋಣೆಗೆ ತಂದರೆ ಸುಲಭವಾಗುತ್ತಿತ್ತು. ಆದರೆ ಹೆಂಡತಿ, "ನನ್ನ ಮೆಷಿನ್ ಜಾಗದಿಂದ ಅಲ್ಲಾಡಿಸಿದ್ರೆ ನೋಡಿ ಮತ್ತೆ" ಎಂದಿದ್ದಳು. ಹಾಗಾಗಿ ನಡೆಸುವವನು ಹಜಾರದಲ್ಲಿ, ಭಾರ ಕೋಣೆಯಲ್ಲಿ, ನಡುವೆ ಗೋಡೆ. ತೆರೆದ ಬಾಗಿಲಲ್ಲಿ ಕಾಣುತ್ತಿದ್ದದ್ದು ಮೇಜಿನ ಒಂದು ಮೂಲೆ ಮಾತ್ರ.

ಇಂಥ ಕುರುಡು ಕೆಲಸಕ್ಕೆ ಕೈಸನ್ನೆ ಮಾಡುವವನು ಬೇಕೇ ಬೇಕು. ಭಾರದ ಪಕ್ಕ ನಿಂತು, ಏರಿಸು, ಇಳಿಸು, ನಿಧಾನ, ನಿಲ್ಲಿಸು ಎಂದು ಕೈಯಲ್ಲೇ ಹೇಳುವವನು.

ಮೊದಲು ಹೆಂಡತಿಯನ್ನು ನಿಲ್ಲಿಸಿ, ಒಂದು ಕಿಲೋ ಉಪ್ಪಿನ ಪೊಟ್ಟಣ ಕಟ್ಟಿ ಪರೀಕ್ಷೆ ಮಾಡಿದ. ಅವಳಿಗೆ ಏರಿಸುವುದಕ್ಕೂ ಇಳಿಸುವುದಕ್ಕೂ ನೊಣ ಓಡಿಸುವುದಕ್ಕೂ ಒಂದೇ ಸನ್ನೆ. ಆಮೇಲೆ ಮಗಳು ನಿಂತಳು. ಅವಳು ಕೈ ಎತ್ತುವ ಬದಲು ಬಾಯಿ ಬಿಟ್ಟಳು.

"ಇನ್ನೊಂಚೂರು ಬಿಡಪ್ಪ."

"ಚೂರು ಅಂದ್ರೆ ಎಷ್ಟು ಮಿಲಿಮೀಟರ್?"

"ಚೂರು ಅಂದ್ರೆ ಚೂರು!"

ಉಪ್ಪಿನ ಪೊಟ್ಟಣ ಮೇಜಿನಂಚಿಗೆ ತಗುಲಿ ಒಡೆದು, ಕೋಣೆಯಲ್ಲೆಲ್ಲ ಚೆಲ್ಲಾಪಿಲ್ಲಿಯಾಯಿತು. ಹೆಂಡತಿ ಪೊರಕೆ ತಂದಳು. ಗುಡಿಸುತ್ತ ಗುಡಿಸುತ್ತ, ತಲೆ ಎತ್ತದೆ, "ನನ್ನ ತಮ್ಮನ್ನ ಕರೀರಿ" ಎಂದಳು.

ಕ್ರೇನಪ್ಪ ಚಕ್ರವನ್ನು ಸುಮ್ಮನೆ ಹಿಂದಕ್ಕೆ ಮುಂದಕ್ಕೆ ಆಡಿಸಿದ.

ಹೆಂಡತಿಯ ತಮ್ಮನ ಹೆಸರು ಯಾರಿಗೂ ನೆನಪಿಲ್ಲ. ಎಲ್ಲರಿಗೂ ಅವನು ಸೀಟಿ. ಇಪ್ಪತ್ತೆರಡು ವರ್ಷ ಕ್ರೇನಪ್ಪ ಮೇಲೆ, ಸೀಟಿ ಕೆಳಗೆ. ಕೊರಳಲ್ಲಿ ಹಿತ್ತಾಳೆಯ ಸೀಟಿ ತೂಗುಹಾಕಿಕೊಂಡು, ಕತ್ತು ಮೇಲೆತ್ತಿ, ಅವನು ಕೈಯಾಡಿಸಿದರೆ ಹತ್ತು ಟನ್ ಕಬ್ಬಿಣ ಆಕಾಶದಲ್ಲಿ ಮಾತು ಕೇಳುತ್ತಿತ್ತು. ಮನೆ ಕೂಡ ರಸ್ತೆಯ ಆಚೆ ಬದಿ, ಎದುರಿಗೇ.

ಒಂಬತ್ತು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಕ್ರೇನಪ್ಪ ಒಂದು ನೀರಿನ ತೊಟ್ಟಿಯನ್ನು ಕೆಳಗಿಳಿಸುತ್ತಿದ್ದ. ದೊಡ್ಡ ಸಾಹೇಬರು ಬಂದು ನೋಡುತ್ತ ನಿಂತಿದ್ದರು. ಇನ್ನು ಆಳೆತ್ತರ ಉಳಿದಿದ್ದಾಗ ಸೀಟಿಯ ಕೈ ಪಕ್ಕಕ್ಕೆ ನೆಟ್ಟಗೆ ಚಾಚಿತು, ಅಂಗೈ ಕೆಳಮುಖ. ನಿಲ್ಲಿಸು. ಕ್ರೇನಪ್ಪ ನಿಲ್ಲಿಸಲಿಲ್ಲ. ತೊಟ್ಟಿ ಹೋಗಿ ಮೇಸ್ತ್ರಿಯ ತಗಡಿನ ಕೋಣೆಯ ಮೇಲೆ ಕೂತಿತು. ಆ ಕೋಣೆಯನ್ನು ಅವತ್ತು ಬೆಳಿಗ್ಗೆಯಷ್ಟೇ ಮೂರು ಅಡಿ ಈಚೆಗೆ ಸರಿಸಿದ್ದರು. ಮೇಸ್ತ್ರಿ ಚಹಾ ಕುಡಿಯಲು ಹೋಗಿದ್ದ ಕಾರಣ ಬದುಕಿದ. ವಿಚಾರಣೆಯಲ್ಲಿ ಕೇಳಿದಾಗ ಕ್ರೇನಪ್ಪ, "ಕೈ ನಿಧಾನ ಅಂತ ಹೇಳ್ತಿತ್ತು, ನಿಲ್ಸು ಅಂತ ಅಲ್ಲ" ಎಂದ. ಮೂವತ್ತೊಂದು ವರ್ಷ ಒಂದು ಗೀರೂ ಬೀಳದ ಮನುಷ್ಯನ ಮಾತು, ನಂಬಿದರು. ಸೀಟಿಯ ಕೊರಳಿಂದ ಸೀಟಿ ಬಿಚ್ಚಿಸಿ, ಅವನನ್ನು ಗೋದಾಮಿನಲ್ಲಿ ಹೆಲ್ಮೆಟ್ ಎಣಿಸಲು ಕೂರಿಸಿದರು. ಕ್ರೇನಪ್ಪ ಆ ತಿಂಗಳ ಕೊನೆಗೆ ನಿವೃತ್ತಿಯ ಹಾರ ಹಾಕಿಸಿಕೊಂಡು ಮನೆಗೆ ಬಂದ.

ಕೈ ನಿಲ್ಲಿಸು ಎಂದೇ ಹೇಳಿತ್ತು. ಕ್ರೇನಪ್ಪ ಅದನ್ನು ಕಣ್ಣಾರೆ ನೋಡಿದ್ದ. ಇದು ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಆ ಇಬ್ಬರೂ ಅವತ್ತಿನಿಂದ ಮಾತು ಬಿಟ್ಟಿದ್ದರು. ಒಂದೇ ಕೋಣೆಯಲ್ಲಿ ಕೂತು, "ಅವನಿಗೆ ಕುರ್ಚಿ ಸರಿಸೋಕೆ ಹೇಳೇ", "ಅವರಿಗೆ ಕುರ್ಚಿ ಮುರಿದಿದೆ ಅಂತ ಹೇಳಕ್ಕ" ಎನ್ನುತ್ತಿದ್ದರು. ನಡುವೆ ಅಂಚೆಯವಳಾಗಿ ಹೆಂಡತಿಯ ಅರ್ಧ ಆಯಸ್ಸು ಸವೆದಿತ್ತು.

ಉಪ್ಪು ಚೆಲ್ಲಿದ ಆ ಶುಕ್ರವಾರ ಸಂಜೆ ಅವಳು ರಸ್ತೆ ದಾಟಿ ಹೋಗಿ, ಸೀಟಿಯ ಮಾತನ್ನು ಹೊತ್ತು ಬಂದಳು.

"ಬರ್ತಾನಂತೆ. ಬಾಯಿ ಬಿಡಲ್ವಂತೆ, ಕೈಯಲ್ಲಿ ಮಾತ್ರ ಹೇಳ್ತಾನಂತೆ. ಕೈ ಹೇಳಿದ್ದನ್ನ ಈ ಸಲನಾದ್ರೂ ನೋಡ್ತಾರಾ ಕೇಳು ಅಂದ."

ಕ್ರೇನಪ್ಪನಿಗೆ ಕಪಾಳಕ್ಕೆ ಬಿಗಿದಂತಾಯಿತು. "ನೋಡ್ತೀನಿ ಅಂತ ಹೇಳು" ಎಂದ.

ಶನಿವಾರ ಬೆಳಿಗ್ಗೆ ಹತ್ತೂವರೆಗೆ ಸೀಟಿ ಬಂದ. ಹಳೆಯ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿದ್ದ, ತಲೆಗೆ ಹಳದಿ ಹೆಲ್ಮೆಟ್. ಕೊರಳು ಬರಿದಾಗಿತ್ತು. ಹೊಲಿಗೆ ಯಂತ್ರದ ಮುಂದೆ ಹೆಲ್ಮೆಟ್ ತೊಟ್ಟು ಕೂತಿದ್ದ ಕ್ರೇನಪ್ಪನತ್ತ ನೋಡದೆ ನೇರವಾಗಿ ಕೋಣೆಗೆ ಹೋದ. ದಾರ ಎಳೆದು ನೋಡಿದ, ಏಣಿ ಅಲ್ಲಾಡಿಸಿ ನೋಡಿದ, ಮೇಜಿನ ಕೆಳಗೆ ಮಲಗಿದ್ದ ಬೆಕ್ಕನ್ನು ಎತ್ತಿ ಹೊರಗೆ ಬಿಟ್ಟ. ತೂಗುವ ಭಾರದ ಕೆಳಗೆ ಯಾವ ಜೀವವೂ ಇರಬಾರದು. ಮಗಳ ತಲೆಗೂ ಒಂದು ಹೆಲ್ಮೆಟ್ ಬಂತು, ಸ್ಕೂಟರಿನದು.

ಮಗಳು ಹಳೆಯ ಫ್ಯಾನು ಬಿಚ್ಚಿದಳು, ಒಣಗಿದ ಪೇಸ್ಟ್ ಒರೆಸಿದಳು, ಹೊಸ ಪೇಸ್ಟನ್ನು ಬಟಾಣಿ ಗಾತ್ರಕ್ಕೆ ಹಾಕಿದಳು. ಕಂಪ್ಯೂಟರಿನ ಡಬ್ಬ ಪಕ್ಕದ ಮುಚ್ಚಳ ಕಳಚಿಕೊಂಡು ಮೇಜಿನ ಮೇಲೆ ಅಂಗಾತ ಮಲಗಿತ್ತು. ಕ್ರೇನಪ್ಪ ಕೂಲರಿನ ಎರಡೂ ಗೋಪುರಗಳಿಗೆ ದಾರ ಬಿಗಿದು, ಗಂಟನ್ನು ಮೂರು ಸಲ ಎಳೆದು ನೋಡಿ, ತನ್ನ ಆಸನಕ್ಕೆ ಹೊರಟ.

"ಅಪ್ಪಾ, ಒಂದ್ನಿಮಿಷ, ಇದರ ತಳದಲ್ಲಿ..." ಎಂದು ಮಗಳು ಕೈ ಚಾಚಿದಳು.

"ಮುಟ್ಬೇಡ! ಕಟ್ಟಿದ ಭಾರಕ್ಕೆ ಯಾರೂ ಕೈ ಹಚ್ಚಬಾರದು! ಹಿಂದೆ ಸರಿ!"

ಆ ಗದರಿಕೆಗೆ ಮಗಳು ಹೇಳಬೇಕೆಂದದ್ದನ್ನೇ ಮರೆತು ಗೋಡೆಗೆ ಒತ್ತಿಕೊಂಡಳು.

ಬಾಗಿಲ ಚೌಕಟ್ಟಿನಲ್ಲಿ ಈಗ ಸೀಟಿಯೊಬ್ಬನೇ ಕಾಣುತ್ತಿದ್ದ. ಅವನ ಕೈ ಮೇಲೆದ್ದಿತು, ತೋರುಬೆರಳು ಸಣ್ಣ ವೃತ್ತ ಬರೆಯಿತು. ಏರಿಸು. ಕ್ರೇನಪ್ಪ ಚಕ್ರ ತಿರುಗಿಸಿದ. ಒಂಬತ್ತು ವರ್ಷದಿಂದ ತುಕ್ಕು ಹಿಡಿದಿದ್ದದ್ದು ಅವನ ಎದೆಯೊಳಗೆ ಕಿರ್ರೆಂದು ಅಲುಗಿತು. ಬೆರಳು ಕೆಳಮುಖವಾಯಿತು. ಇಳಿಸು. ಇಳಿಸಿದ. ನಿಧಾನ. ನಿಧಾನ ಮಾಡಿದ. ಇಬ್ಬರೂ ಉಸಿರಾಡುವುದು ಕೂಡ ಒಂದೇ ಲಯಕ್ಕೆ ಬಂದಿತ್ತು. ಮೈ ಮರೆತು ಕ್ರೇನಪ್ಪ ಸುತ್ತು ಎಣಿಸುತ್ತಿದ್ದ. ಹದಿಮೂರು ಸುತ್ತಿಗೆ ಕೂಲರಿನ ತಳ ಸೀಟಿಯ ಕಣ್ಣಿನ ಮಟ್ಟಕ್ಕೆ ಬಂತು. ಇನ್ನು ಏಳೂವರೆ ಸುತ್ತು, ಅಷ್ಟೇ.

ಸೀಟಿಯ ಕೈ ಪಕ್ಕಕ್ಕೆ ನೆಟ್ಟಗೆ ಚಾಚಿತು. ಅಂಗೈ ಕೆಳಮುಖ.

ಕ್ರೇನಪ್ಪ ನಿಲ್ಲಿಸಿದ.

ಒಂದು ನಿಮಿಷವಾಯಿತು. ಎರಡಾಯಿತು. ಕೈ ಅಲ್ಲಾಡಲಿಲ್ಲ. ಐದು ನಿಮಿಷವಾದ ಮೇಲೆ ಕ್ರೇನಪ್ಪ, "ಏನಾಯ್ತಂತೆ ಕೇಳೇ" ಎಂದು ಕೂಗಿದ.

ಒಳಗೆ ಗುಸುಗುಸು. ಆಮೇಲೆ ಮಗಳ ದನಿ: "ಮಾವ ನಿನಗೆ ಹೇಳಲ್ವಂತಪ್ಪ."

"ಹೇಳಲ್ಲ ಅಂದ್ರೆ?"

"ನಿಲ್ಸು ಅಂದ್ರೆ ನಿಲ್ಸಬೇಕು, ಕಾರಣ ಕೇಳಬಾರದು ಅಂತ ನೀನೇ ಅಲ್ವಾ ಹೇಳ್ತಿದ್ದಿದ್ದು?"

ಅವನೇ ಹೇಳುತ್ತಿದ್ದದ್ದು. ಎಷ್ಟು ಹೊಸ ಹುಡುಗರಿಗೆ ಹೇಳಿಕೊಟ್ಟಿದ್ದ! ಇನ್ನೊಂದನ್ನೂ ಹೇಳಿಕೊಟ್ಟಿದ್ದ: ಭಾರ ತೂಗುತ್ತಿರುವಾಗ ನಡೆಸುವವನು ಆಸನ ಬಿಟ್ಟು ಏಳಬಾರದು, ಭೂಮಿ ಬಾಯಿ ಬಿಟ್ಟರೂ. ಹಾಗಾಗಿ ಹೋಗಿ ಇಣುಕುವಂತೆಯೂ ಇರಲಿಲ್ಲ. ಹೊಲಿಗೆ ಯಂತ್ರದ ಮುಂದಿನ ಆ ಪುಟ್ಟ ಸ್ಟೂಲಿನ ಮೇಲೆ ಅವನು ತನ್ನದೇ ನಿಯಮಗಳ ನಡುವೆ ಸಿಕ್ಕಿಬಿದ್ದ.

ಹನ್ನೆರಡು ಗಂಟೆಗೆ ಅವನಿಗೆ ಕೋಪ ಬಂತು. ಇದು ಬೇಕೆಂತಲೇ ಮಾಡುತ್ತಿರುವುದು, ಹಟಮಾರಿ! ಒಂಬತ್ತು ವರ್ಷ ಕಾದು ಈಗ ಹಗೆ ತೀರಿಸಿಕೊಳ್ಳುತ್ತಿದ್ದಾನೆ. ಮಗಳ ಚಿತ್ರ ಸಂಜೆ ಆರಕ್ಕೆ ಕಳಿಸಬೇಕು, ಅದಾದರೂ ನೆನಪಿದೆಯೇ ಇವನಿಗೆ?

"ಅವನಿಗೆ ಹೇಳೇ, ಮಗು ಕೆಲಸ ಹಾಳಾಗುತ್ತೆ ಅಂತ!"

ಹೆಂಡತಿ ಅಡುಗೆಮನೆಯಿಂದ ಬಂದು ಕೋಣೆಗೆ ಹೋದಳು. ಮತ್ತೆ ಗುಸುಗುಸು, ಈ ಸಲ ಸ್ವಲ್ಪ ಉದ್ದ. ಹೊರಗೆ ಬಂದವಳ ಮುಖದಲ್ಲಿ ಏನೂ ಇರಲಿಲ್ಲ. ಅವಳ ಮುಖದಲ್ಲಿ ಏನೂ ಇಲ್ಲದಿದ್ದರೆ ಏನೋ ಇದೆ ಎಂದು ನಲವತ್ತು ವರ್ಷ ಸಂಸಾರ ಮಾಡಿದವನಿಗೆ ಗೊತ್ತಾಗಬೇಕಿತ್ತು.

"ಊಟ ಬಡಿಸ್ಲಾ?" ಎಂದಳು.

ಇಬ್ಬರಿಗೂ ಅವರವರ ಜಾಗದಲ್ಲೇ ಊಟವಾಯಿತು. ಕ್ರೇನಪ್ಪ ಎಡಗೈಯಲ್ಲಿ ಚಕ್ರ ಹಿಡಿದು ಬಲಗೈಯಲ್ಲಿ ಉಂಡ. ಸೀಟಿಗೆ ಅಕ್ಕನೇ ತುತ್ತು ಮಾಡಿ ಬಾಯಿಗಿಟ್ಟಳು. ಅವನು ಜಗಿಯುತ್ತಿದ್ದಾಗಲೂ ಚಾಚಿದ ಕೈ ಚಾಚಿದಂತೇ ಇತ್ತು. ಮಗಳು ಒಂದು ಸಲ ಬಂದು ಆ ತೋಳಿನ ಕೆಳಗೆ ಇಸ್ತ್ರಿ ಮೇಜು ತಂದಿಡಲು ನೋಡಿದಳು. ಅವನು ತಲೆಯಾಡಿಸಿ ಬೇಡವೆಂದ. ಆಧಾರಕ್ಕೆ ಒರಗಿದ ಕೈ ಸನ್ನೆಯಲ್ಲ.

ಗಡಿಯಾರದಲ್ಲಿ ಒಂದು ಗಂಟೆ ದಾಟಿತು. ದಾರ ಬಿಗಿಯಾಗಿತ್ತು. ಕ್ರೇನಪ್ಪನ ಅಂಗೈ ಚಕ್ರದ ಮೇಲಿತ್ತು. ಏಳೂವರೆ ಸುತ್ತು. ಕಣ್ಣು ಮುಚ್ಚಿ ಇಳಿಸಬಲ್ಲ. ಒಳಗೆ ಏನಿದೆ ಎಂದು ಅವನಿಗೆ ಗೊತ್ತು, ಅಳತೆ ಅವನದೇ, ಗಂಟು ಅವನದೇ. ಏನಾದೀತು? ಮೆಲ್ಲಗೆ ತಿರುಗಿಸಿ ಕೂರಿಸಿಬಿಟ್ಟರೆ ಕೆಲಸ ಮುಗಿಯಿತು, ಮಗಳಿಗೂ ಅನುಕೂಲ, ಆಮೇಲೆ ಸೀಟಿ ಕೈ ಚಾಚಿಕೊಂಡು ಸಾಯಂಕಾಲದವರೆಗೆ ನಿಲ್ಲಲಿ.

ಚಕ್ರ ಕೂದಲೆಳೆಯಷ್ಟು ಅಲುಗಿತು.

ಬಾಗಿಲಲ್ಲಿ ಸೀಟಿ ಮುಖ ತಿರುಗಿಸಿ ಅವನನ್ನು ನೋಡಿದ. ಬೆಳಿಗ್ಗೆಯಿಂದ ಮೊದಲ ಸಲ. ಬೈಯುವ ನೋಟವಲ್ಲ, ಬೇಡುವ ನೋಟವೂ ಅಲ್ಲ. ಎರಡೂಕಾಲು ಗಂಟೆ ನೆಟ್ಟಗೆ ನಿಂತ ತೋಳು ಭುಜದಿಂದ ಬೆರಳ ತುದಿಯವರೆಗೆ ಗಡಗಡ ನಡುಗುತ್ತಿತ್ತು. ಆದರೂ ಕೆಳಗೆ ಬಿದ್ದಿರಲಿಲ್ಲ. ಇವತ್ತು ನೋಡ್ತೀರಾ ಎಂದು ಕೇಳುತ್ತಿದ್ದದ್ದು ಆ ಕಣ್ಣಲ್ಲ, ಆ ತೋಳು. ಕ್ರೇನಪ್ಪನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅಂಗೈಯನ್ನು ಚಕ್ರಕ್ಕೆ ಗಟ್ಟಿಯಾಗಿ ಒತ್ತಿ ಹಿಡಿದ.

"ಆವತ್ತು ನಿನ್ನ ಕೈ ನೋಡಿದ್ದೆ ಕಣೋ" ಎಂದ.

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು.

"ನಿಧಾನ ಅಂತ ಇರ್ಲಿಲ್ಲ. ನಿಲ್ಸು ಅಂತಾನೇ ಇತ್ತು. ಈಗ ಇದೆಯಲ್ಲ, ಹಾಗೇ ಇತ್ತು. ದೊಡ್ಡ ಸಾಹೇಬ್ರು ನೋಡ್ತಿದ್ರು. ಒಂದೇ ಏಟಿಗೆ ಕೂರಿಸಿ ಶಭಾಷ್ ಅನ್ನಿಸ್ಕೋಬೇಕು ಅಂತಿತ್ತು ನನಗೆ." ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟುಕೊಂಡ. "ಆಮೇಲೆ ಕೇಳಿದಾಗ ಸುಳ್ಳು ಹೇಳ್ದೆ. ನಿನ್ನ ಸೀಟಿ ಕಿತ್ಕೊಂಡಿದ್ದು ಅವ್ರಲ್ಲ. ನಾನು."

ಸೀಟಿಯ ತುಟಿ ಬಿಚ್ಚಿತು. ಒಂಬತ್ತು ವರ್ಷದ ಮೇಲೆ ಬರುವ ಮೊದಲ ಮಾತು ಏನಿದ್ದೀತು ಎಂದು ಕ್ರೇನಪ್ಪ ಕಣ್ಣು ಮುಚ್ಚಿ ಕಾದ.

"ತಳದಲ್ಲಿ ಪ್ಲಾಸ್ಟಿಕ್ ಇದೆ ಭಾವ."

"ಏನು?"

"ಪ್ಲಾಸ್ಟಿಕ್ಕು! ಕೂಲರಿನ ತಳಕ್ಕೆ ತೆಳ್ಳಗೆ ಹಾಳೆ ಅಂಟಿಸಿರ್ತಾರಲ್ಲ, ಅದು ಹಾಗೇ ಇದೆ. ಕೂರಿಸೋ ಮುಂಚೆ ಕಿತ್ತು ಹಾಕಿ ಅಂತ ಕೆಂಪಕ್ಷರದಲ್ಲಿ ಬರ್ದಿದಾರೆ. ಬೆಳಿಗ್ಗೆಯಿಂದ ಅದನ್ನೇ ಓದ್ತಾ ನಿಂತಿದೀನಿ!" ಒಂಬತ್ತು ವರ್ಷ ಕಟ್ಟಿಟ್ಟ ಬಾಯಿ ಒಮ್ಮೆ ಬಿಚ್ಚಿದ್ದೇ ತಡ, ನಿಲ್ಲಲಿಲ್ಲ. "ಅದರ ಸಮೇತ ಕೂರಿಸಿದ್ರೆ ಪೇಸ್ಟಿಗೂ ಕೂಲರಿಗೂ ಸಂಬಂಧಾನೇ ಇರ್ತಿರ್ಲಿಲ್ಲ. ಪ್ರೊಸೆಸರ್ ಹುರಿದು ಹೋಗ್ತಿತ್ತು. ಕಟ್ಟಿದ ಭಾರ ಮುಟ್ಟಬೇಡ ಅಂತ ಮಗೂನ ಗದರಿಸಿದ್ದು ಯಾರು? ನೀವು! ಪಾಪ, ಅದನ್ನ ಕೀಳೋಕೇ ಅವಳು ಕೈ ಚಾಚಿದ್ದು!"

ಕ್ರೇನಪ್ಪ ಕಣ್ಣು ಬಿಟ್ಟ. ಬಾಗಿಲಲ್ಲಿ ಸೀಟಿಯ ಹಿಂದಿನಿಂದ ಮಗಳ ತಲೆ ಇಣುಕಿತು, ಸ್ಕೂಟರ್ ಹೆಲ್ಮೆಟ್ ಸಮೇತ.

"ನಿನಗೂ ಗೊತ್ತಿತ್ತಾ?"

"ಮಾವ ಆಗಲೇ ಹೇಳಿದ್ರಪ್ಪ."

"ಮತ್ತೆ ಹೇಳಲ್ವಂತೆ ಅಂದೆ?"

"ನಿನಗೆ ಹೇಳಲ್ವಂತೆ ಅಂದೆ."

"ಆರು ಗಂಟೆಗೆ ಕಳಿಸಬೇಕಲ್ಲೇ ನಿನ್ನ ಚಿತ್ರ!"

"ಹನ್ನೆರಡಕ್ಕೇ ಫೋನ್ ಮಾಡಿ ಸೋಮವಾರದವರೆಗೆ ಟೈಮ್ ತಗೊಂಡೆ. ಅಮ್ಮ ತಗೋ ಅಂದ್ಲು."

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಒದ್ದೆ ಕೈಯಲ್ಲಿ ನಿಂತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಿದ್ದಂತಿರಲಿಲ್ಲ. "ಇಬ್ರಲ್ಲಿ ಒಬ್ರ ಬಾಯಿಂದ ಏನಾದ್ರೂ ಬರಲಿ ಅಂತ ಕಾದೆ ಕಣ್ರೀ" ಎಂದಳು. "ಬರೋ ಹೊತ್ತಿಗೆ ಎಷ್ಟು ಬಂತು ನೋಡಿ."

ಮಗಳು ಕೈ ಹಚ್ಚಿದಳು. ಕಟ್ಟಿದ ಭಾರಕ್ಕೇ ಹಚ್ಚಿದಳು, ಯಾರೂ ಗದರಲಿಲ್ಲ. ಪರ್ರೆಂದು ಹಾಳೆ ಕಿತ್ತು ಬಂತು. ಸೀಟಿ ಎಡಗೈ ಎತ್ತಿ, ಬೆರಳನ್ನು ಕೆಳಮುಖ ಮಾಡಿ ಸಣ್ಣ ವೃತ್ತ ಬರೆದ. ಇಳಿಸು. ಕ್ರೇನಪ್ಪ ಮೂಗೊರೆಸಿಕೊಂಡು, ಹೆಲ್ಮೆಟ್ ಮತ್ತೆ ತೊಟ್ಟು, ಏಳೂವರೆ ಸುತ್ತು ಇಳಿಸಿದ. ಕೂಲರ್ ಬಿಸ್ಕತ್ತಿನ ಮೇಲೆ ಸದ್ದಿಲ್ಲದೆ ಕೂತಿತು. ಮಗಳು ಸ್ಕ್ರೂ ಬಿಗಿದು, ಎರಡು ಫ್ಯಾನು ಸಿಕ್ಕಿಸಿ, ಯಂತ್ರ ಚಾಲೂ ಮಾಡಿದಳು. ಕಟ್ಟದ ಕಟ್ಟಡದ ಗಾಜಿನ ಮೇಲೆ ಬಿಸಿಲು ಬಿತ್ತು. ತೊಂಬತ್ತೆಂಟು ಡಿಗ್ರಿಗೆ ಹೋಗುತ್ತಿದ್ದ ಶಾಖ ಅರವತ್ತಕ್ಕೇ ನಿಂತಿತು. ಫ್ಯಾನು ತಿರುಗುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕಾಯಿತು.

ಆಮೇಲೆ ಮುಚ್ಚಳ ಹಾಕಲು ಹೋದರೆ ಹಾಕಲಾಗಲಿಲ್ಲ. ಕೂಲರ್ ಎರಡು ಬೆರಳು ಹೊರಗೆ ಚಾಚಿತ್ತು.

"ಎತ್ತರ ಯಾರು ಅಳೆದಿದ್ದು?" ಎಂದ ಕ್ರೇನಪ್ಪ.

ಯಾರೂ ಅಳೆದಿರಲಿಲ್ಲ. ಅಳತೆ ಕೇಳಲು ಹೊರಟ ಅಂಗಡಿಯವನ ಬಾಯಿ ಮುಚ್ಚಿಸಿದ್ದು ಯಾರೆಂದು ಮಗಳು ನೆನಪಿಸಲಿಲ್ಲ. "ಮುಚ್ಚಳ ಬೇಡ ಬಿಡಪ್ಪ" ಎಂದಳು. "ಗಾಳಿ ಚೆನ್ನಾಗಿ ಆಡುತ್ತೆ."

"ಭಾವ" ಎಂದ ಸೀಟಿ, ಅದೇ ಜಾಗದಿಂದ. "ನನ್ನ ಕೈ ಇಳೀತಿಲ್ಲ."

ಬಲಗೈ ಇನ್ನೂ ನಿಲ್ಲಿಸು ಎನ್ನುತ್ತಲೇ ಇತ್ತು. ಅಕ್ಕ ಎಣ್ಣೆ ಹಚ್ಚಿ ತಿಕ್ಕಿದಳು. ಮಗಳು ಬಿಸಿನೀರಿನ ಬಟ್ಟೆ ಸುತ್ತಿದಳು. ಕೈ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಕೊನೆಗೆ ಮನೆಗೆ ಹೋಗಿ ಮಲಗಿದರೆ ತಾನಾಗಿ ಇಳಿದೀತೆಂದು ತೀರ್ಮಾನವಾಯಿತು. ಬಾಗಿಲಲ್ಲಿ ಅಡ್ಡಡ್ಡ ನಡೆಸಿ ಅವನನ್ನು ಹೊರಗೆ ತಂದರು. ರಸ್ತೆ ದಾಟಿಸಲು ಕ್ರೇನಪ್ಪ ಜೊತೆಗೆ ಹೋದ.

ಶನಿವಾರದ ಮಧ್ಯಾಹ್ನ, ರಸ್ತೆಯ ತುಂಬ ವಾಹನ. ಸಮವಸ್ತ್ರ, ಹಳದಿ ಹೆಲ್ಮೆಟ್, ನೆಟ್ಟಗೆ ಚಾಚಿದ ಕೈ ಪಾದಚಾರಿ ಕಟ್ಟೆಯಿಂದ ರಸ್ತೆಗಿಳಿಯಿತು. ಮೊದಲು ಒಂದು ಸ್ಕೂಟರ್ ನಿಂತಿತು. ಕಾರುಗಳು ನಿಂತವು. ಒಂದು ಲಾರಿ ಬುಸುಗುಟ್ಟುತ್ತ ನಿಂತಿತು. ಅದರ ಹಿಂದೆ ಬಸ್ಸು, ಬಸ್ಸಿನ ಹಿಂದೆ ಕಣ್ಣಿಗೆ ಕಾಣುವವರೆಗೆ ಸಾಲು. ಒಬ್ಬನೂ ಹಾರ್ನ್ ಹೊಡೆಯಲಿಲ್ಲ. ನಡುರಸ್ತೆಯಲ್ಲಿ ಕ್ರೇನಪ್ಪ ಸುತ್ತ ನೋಡಿದ. ಗುರುತು ಪರಿಚಯ ಇಲ್ಲದ ಇಷ್ಟು ಜನ ಆ ಕೈ ನೋಡಿದ ಕೂಡಲೇ ನಿಂತಿದ್ದರು. ನಿಲ್ಲದವನು ಅವನೊಬ್ಬನೇ. ನಾಚಿಕೆಯಿಂದ ಅವನ ತಲೆ ತಗ್ಗಿತು.

ಬಸ್ಸಿನ ಚಾಲಕ ಕಿಟಕಿಯಿಂದ ಕತ್ತು ಹೊರಹಾಕಿ, "ಏನಾಯ್ತು? ಯಾಕೆ ನಿಲ್ಸಿದ್ರಿ?" ಎಂದು ಕೇಳಿದ.

"ನಿಲ್ಸು ಅಂದ್ರೆ ನಿಲ್ಸಬೇಕ್ರೀ" ಎಂದ ಕ್ರೇನಪ್ಪ. "ಕಾರಣ ಕೇಳಬಾರದು."

"ಕೇಳಬಹುದು ಭಾವ" ಎಂದ ಸೀಟಿ. "ನಿಂತ ಮೇಲೆ ಕೇಳಬಹುದು."

ಕ್ರೇನಪ್ಪ ಅವನ ಚಾಚಿದ ತೋಳನ್ನು ಕೆಳಗಿನಿಂದ ತನ್ನ ನಡುಗುವ ಕೈಯಲ್ಲಿ ಹೊತ್ತು ಹಿಡಿದ. ಸೀಟಿ ಬೇಡವೆನ್ನಲಿಲ್ಲ. ಹಾಗೇ ಇಬ್ಬರೂ ಆಚೆ ಬದಿಗೆ ದಾಟಿದರು, ಆಮೇಲೆ ಬಸ್ಸು ಹೊರಟಿತು.